ನೇರಳೆ ಬಣ್ಣದ ಬೀದಿ

ಜನವರಿ 12

ನಮ್ಮ ಮನೆಯ ಮೆಣಸಿನಕಾಯಿಗೆ ಅತ್ತಿಗೆಯ ಪ್ರೀತಿ.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಬರೆಯೋಣ ಅಂತ ಕೂತಾಗಲೆಲ್ಲ ಯಾವುದಾದರೂ ಒಂದು ಮಗು ಎದ್ದು ರಾಗ ತೆಗೆಯುತ್ತದೆ, ಅದಕ್ಕೆ ಉಳಿದವು ದನಿಗೂಡಿಸುತ್ತವೆ. ಈಗ ಮಧ್ಯಾಹ್ನ. ಎಲ್ಲ ಮಲಗಿವೆ. ನಿಮ್ಮಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವ ಗೋಡೆ ತಂಪು ಅಂತ ಅದಕ್ಕೆ ತಲೆ ಕೊಟ್ಟು ಸಾಲಾಗಿ ಚಾಪೆ ಹಾಸಿದ್ದೇನೆ. ಅವರಮ್ಮಂದಿರು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನು ತುಳಿದು ಬರುವ ತನಕ ಇವು ನನ್ನವು.

ನೀನು ಈಗ ಬಂದರೆ ನಮ್ಮ ಬೀದಿಯ ಗುರುತು ಹಿಡಿಯಲಾರೆ. ಮೂಲೆಯ ದರ್ಜಿಯ ಮನೆ ಪ್ಲೈವುಡ್ ಅಂಗಡಿಯಾಗಿದೆ. ಎದುರಿನ ಟೀಚರ್ ಮನೆ ಮಾರಿ ಹೋದರು, ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಮಿಷನ್ನು ಕೂತಿದೆ. ಹಿಂದೆ ಸರಿಯುವ ಲಾರಿಗಳಿಗೆ ದಾರಿ ಬಿಟ್ಟು ಬಿಟ್ಟು ನಾನೂ ಅರ್ಧ ಟ್ರಾಫಿಕ್ ಪೊಲೀಸ್ ಆಗಿದ್ದೇನೆ.

ನಿಮ್ಮಣ್ಣ ಹಾಗೇ ಇದ್ದಾರೆ. ಅದೇ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್, ಮನೆಯಲ್ಲಿ ಹೂಂ ಮಾಸ್ಟರ್. ನಾನು ಏನಂದರೂ ಹೂಂ, ನೀನು ಏನು ಬರೆದರೂ ಹೂಂ, ಬೀದಿಯಲ್ಲಿ ಯಾರು ಕಾಲು ತುಳಿದರೂ ಹೂಂ.

ನಿಮ್ಮಮ್ಮ ನಿನಗೆ ಬಿಟ್ಟ ಮನೆಗೆ ಹೊಸ ಬಾಡಿಗೆಯವನು ಬಂದದ್ದನ್ನು ಅವರು ಬರೆದಿರಬೇಕು. ಕಾಗದದ ವ್ಯಾಪಾರ ಅಂದ. ಬೀದಿಯವರು ಸಾಹುಕಾರ ಅಂತ ಕರೆಯುತ್ತಾರೆ. ಅಲ್ಲಿಗೆ ಒಂದು ಹಾಳೆ ಕಾಗದ ಬಂದದ್ದನ್ನೂ ನಾನು ನೋಡಿಲ್ಲ. ಬರುವುದೆಲ್ಲ ಕಬ್ಬಿಣದ ಡ್ರಮ್ಮು. ಉಗುರಿನ ಬಣ್ಣದ ಬಾಟಲಿ ಮುಚ್ಚಳ ತೆಗೆದಿಟ್ಟ ಹಾಗೆ ವಾಸನೆ. ಕಾವಲಿಗೆ ಒಬ್ಬ ಮುದುಕನನ್ನು ಇಟ್ಟಿದ್ದಾನೆ. ಸೊಂಟದ ಕೀಲಿಗೊಂಚಲು ಅಲ್ಲಾಡಿಸಿ ನಮ್ಮ ಮಕ್ಕಳನ್ನು ನಗಿಸುತ್ತಾನೆ, ಅದಕ್ಕೇ ಅವನು ಕೀಲಿ ತಾತ. ರಾತ್ರಿ ಕಾವಲು, ಹಗಲು ಅಲ್ಲೇ ಹಿಂದಿನ ಕೋಣೆಯಲ್ಲಿ ನಿದ್ದೆ.

ಮನೆ ನಿನ್ನದು. ಒಳಗೆ ಏನಿಟ್ಟಿದ್ದೀಯ ಅಂತ ನೀನೇ ಒಂದು ಸಾಲು ಬರೆದು ಕೇಳು. ನಾನು ಕೇಳಿದ್ದಕ್ಕೆ, "ಮನೆಯೊಡತಿ ನೀವಲ್ಲವಲ್ಲ ಅಮ್ಮ" ಅಂತ ನಕ್ಕ.

ಆಸ್ಪತ್ರೆಯ ಕೆಲಸ ಹೇಗಿದೆ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ?

ನಿನ್ನ
ಅತ್ತಿಗೆ


ಫೆಬ್ರವರಿ 2

ಅತ್ತಿಗೆ,

ತಿನ್ನುತ್ತೇನೆ, ಮಲಗುತ್ತೇನೆ, ಚೆನ್ನಾಗಿದ್ದೇನೆ. ಮಕ್ಕಳ ವಾರ್ಡಿನಲ್ಲೇ ಇದ್ದೇನೆ. ನಿನ್ನ ಹಾಗೆ ನನಗೂ ದಿನವೆಲ್ಲ ಅಳು ಕೇಳುವುದೇ ಕೆಲಸ. ಅದು ಬಿಟ್ಟರೆ ಬರೆಯುವಂಥದ್ದು ಏನಿಲ್ಲ.

ಬಾಡಿಗೆಯವನ ವಿಷಯ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಮ್ಮ ತೀರಿಹೋದ ವರ್ಷ ನೀನು ಹೇಳಿದ್ದೆ: "ಈ ಗೋಡೆಯಲ್ಲಿ ಒಂದು ಬಾಗಿಲು ಇಟ್ಟರೆ ಮಕ್ಕಳಿಗೆ ಎಷ್ಟು ಜಾಗ ಆಗುತ್ತೆ." ನಾನು ಆಗ ಏನೂ ಅನ್ನಲಿಲ್ಲ. ಅದಾದ ಮೇಲೆ ಬಂದ ಮೊದಲ ಬಾಡಿಗೆಯವರು ಜಗಳಗಂಟರು ಅಂದೆ. ಎರಡನೆಯವರು ನೀರು ಪೋಲು ಮಾಡುತ್ತಾರೆ ಅಂದೆ. ಈಗ ಇವನದು ವಾಸನೆ. ಅಮ್ಮ ನನಗೆ ಅಂತ ಬಿಟ್ಟು ಹೋದದ್ದು ಅದೊಂದೇ. ಇಷ್ಟು ದೂರದಲ್ಲಿ ಕೂತು ಅದನ್ನು ಕಾಯುವುದಕ್ಕೆ ನನ್ನಿಂದ ಆಗುವುದಿಲ್ಲ, ಯಾರನ್ನಾದರೂ ನಂಬಲೇಬೇಕು.

ಅಣ್ಣನಿಗೂ ಬರೆದಿದ್ದೇನೆ. ಅತ್ತಿಗೆ ಮಾತು ಕೇಳಿ ಬಾಡಿಗೆಯವನನ್ನು ಬಿಡಿಸಬೇಡ ಅಂತ. ಅವನ ಉತ್ತರ ನಿನಗೂ ಗೊತ್ತು. ಹೂಂ.

ಕೋಪ ಬಂದರೆ ಬಯ್ದು ಬರೆ. ಮೆಣಸಿನಕಾಯಿಗೆ ಬಯ್ಗುಳ ಹೊಸದಲ್ಲ.

ಇಂತಿ,
ನಿನ್ನ ನಾದಿನಿ


ಫೆಬ್ರವರಿ 24

ನಿನಗೆ,

ಬಯ್ಯಬೇಕು ಅಂತಲೇ ಕೂತೆ. ಆದರೆ ನಿನ್ನೆ ನಡೆದದ್ದರ ಮುಂದೆ ನಿನ್ನ ಕಾಗದ ಏನೂ ಅಲ್ಲ ಅನಿಸಿತು.

ಹತ್ತು ದಿನದಿಂದ ಮಕ್ಕಳು ಮಧ್ಯಾಹ್ನ ಮಲಗಿದರೆ ಏಳುತ್ತಿರಲಿಲ್ಲ. ಎದ್ದರೂ ಕಣ್ಣು ಕೆಂಪು, ತಲೆ ಭಾರ. ಪಿಳಿಪಿಳಿ ಅಂತ ಒಂದು ಹುಡುಗಿ ಇದೆ, ಅದರ ಕಣ್ಣು ಒಂದು ಕ್ಷಣ ಸುಮ್ಮನಿರುವುದಿಲ್ಲ. ಅದು ಚಾಪೆಯಲ್ಲೇ ವಾಂತಿ ಮಾಡಿಕೊಂಡು ನನ್ನ ತೋಳಿನಲ್ಲಿ ಬಟ್ಟೆಯ ಹಾಗೆ ಜೋತು ಬಿತ್ತು. ನಾನು ಹೆದರಿಹೋದೆ. ಕೀಲಿ ತಾತನನ್ನು ಕೇಳಿದರೆ, "ಒಳಗೆ ಥಿನ್ನರ್ ಅಮ್ಮ, ಬಣ್ಣಕ್ಕೆ ಬೆರೆಸೋದು. ನನಗೂ ತಲೆ ತಿರುಗುತ್ತೆ. ಯಾರಿಗೂ ಹೇಳಬೇಡಿ, ಕೆಲಸ ಹೋಗುತ್ತೆ" ಅಂದ.

ನಿನ್ನೆ ನಗರದ ಕಚೇರಿಗೆ ಹೋದೆ. ಮೂರನೆಯ ಮಹಡಿಯಲ್ಲಿ ಊರಿನ ನಕ್ಷೆ ಬರೆಯುವ ಸಾಹೇಬರು ಕೂರುತ್ತಾರೆ. ಒಳ್ಳೆಯ ಮಾತಿನ ಮನುಷ್ಯ, ಕುರ್ಚಿ ಕೊಟ್ಟರು. ಮನೆಗಳ ನಡುವೆ ಥಿನ್ನರ್ ಗೋದಾಮು ಬಂದಿದೆ ಅಂದೆ. ಗೋಡೆಯ ಮೇಲಿನ ದೊಡ್ಡ ನಕ್ಷೆಯ ಹತ್ತಿರ ಕರೆದುಕೊಂಡು ಹೋದರು.

"ಹಳದಿ ಅಂದ್ರೆ ವಾಸದ ಮನೆಗಳು. ನೀಲಿ ಅಂದ್ರೆ ಅಂಗಡಿ, ವ್ಯಾಪಾರ. ನೇರಳೆ ಅಂದ್ರೆ ಕೈಗಾರಿಕೆ, ಗೋದಾಮು. ನಿಮ್ಮ ಬೀದಿ ಯಾವುದಮ್ಮ?"

ಹುಡುಕಿ ಬೆರಳಿಟ್ಟೆ. ಬೆರಳ ಕೆಳಗೆ ನೇರಳೆ.

"ಇದು ತಪ್ಪಿದೆ ಸಾರ್. ಇಲ್ಲಿ ನಾವು ಇದ್ದೀವಿ."

"ನಕ್ಷೆಯಲ್ಲಿ ಇಲ್ಲ. ಹೋದ ವರ್ಷ ಬದಲಾಯ್ತು. ಆಕ್ಷೇಪಣೆ ಇದ್ರೆ ಹೇಳಿ ಅಂತ ಕಚೇರಿ ಬಾಗಿಲಿಗೆ ಅಂಟಿಸಿದ್ವಿ. ಯಾರೂ ಬರಲಿಲ್ಲ."

ನಿಮ್ಮ ಕಚೇರಿಯ ಬಾಗಿಲು ನೋಡೋಕೆ ನಾವ್ಯಾಕೆ ಬರ್ತೀವಿ ಅಂತ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ದನಿ ತಗ್ಗಿಸಿ, "ಅಮ್ಮ, ಗೋದಾಮು ಅಲ್ಲಿ ಇರಬಹುದು. ಇರಬಾರದ್ದು ನಿಮ್ಮ ಶಿಶುವಿಹಾರ. ನಾನು ಕೇಳಿಸಿಕೊಂಡಿಲ್ಲ ಅಂದುಕೊಳ್ತೀನಿ. ಯಾರಾದರೂ ದೂರು ಕೊಟ್ಟರೆ ಮಾತ್ರ ನಾವು ಬರೋದು. ಸುಮ್ಮನೆ ಮನೆಗೆ ಹೋಗಿ" ಅಂದರು.

ಮದುವೆಯಾಗಿ ಬಂದಾಗಿನಿಂದ ನಾನಿರುವ ಬೀದಿಯಲ್ಲಿ ಮನೆಯೇ ಇಲ್ಲವಂತೆ. ಸಂಜೆ ನಿಮ್ಮಣ್ಣನಿಗೆ ಎಲ್ಲ ಹೇಳಿದೆ. ಪ್ಯಾಂಟಿನ ಮೇಲಿದ್ದ ದಾರದ ಚೂರು ಕೀಳುತ್ತ ಕೇಳಿದರು. "ಸಾಹುಕಾರನಿಗೆ ಖಾಲಿ ಮಾಡು ಅನ್ನಿ" ಅಂದೆ. "ತಂಗಿ ಬೇಡ ಅಂತ ಬರೆದಿದ್ದಾಳಲ್ಲ" ಅಂದರು. "ಹಾಗಾದ್ರೆ ನಾನು ಶಿಶುವಿಹಾರ ಮುಚ್ಚಲಾ?" ಅಂದೆ. ಅದಕ್ಕೆ ಹೂಂ ಕೂಡ ಅನ್ನಲಿಲ್ಲ.

ನನಗೆ ನಿನ್ನ ಮನೆ ಬೇಡ. ಅದರಲ್ಲಿರುವ ಡ್ರಮ್ಮು ಹೋಗಲಿ. ಇಷ್ಟೇ ಕೇಳುವುದು.

ಅತ್ತಿಗೆ


ಮಾರ್ಚ್ 10

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅವಸರದಲ್ಲಿ ಬರೆದದ್ದು, ಅಕ್ಷರ ನೋಡಿ ನಗಬೇಡ.

ಹೋದ ವಾರ ಶಿಶುವಿಹಾರಕ್ಕೆ ಸೀಲು ಹಾಕಿದರು.

ಅಂದು ಬೆಳಗ್ಗೆ ಮಕ್ಕಳು ಹಾಲು ಕುಡಿಯುತ್ತಿದ್ದವು. ಜೀಪು ಬಂತು. ಒಬ್ಬ ಇನ್‌ಸ್ಪೆಕ್ಟರ್, ಇಬ್ಬರು ಜವಾನರು. "ಕೈಗಾರಿಕಾ ವಲಯದಲ್ಲಿ ಮಕ್ಕಳನ್ನ ಇಟ್ಟುಕೊಂಡಿದ್ದೀರಿ. ದೂರು ಬಂದಿದೆ" ಅಂದರು. ಯಾರು ಕೊಟ್ಟರು ಅಂತ ಕೇಳಿದರೆ ಹೇಳುವಂತಿಲ್ಲವಂತೆ. "ಅದರ ಪಕ್ಕದಲ್ಲೇ ಥಿನ್ನರ್ ಇದೆಯಲ್ಲ, ಅದಕ್ಕೆ?" ಅಂದೆ. "ಅದಕ್ಕೆ ಜಾಗ ಸರಿಯಾಗಿದೆ ಅಮ್ಮ" ಅಂದ. ಹಾಗೇ ಅಂದ. ಹಾಲಿನ ಲೋಟಗಳನ್ನು ಜವಾನನೇ ಒಂದೊಂದಾಗಿ ಹೊರಗೆ ತಂದಿಟ್ಟ. ಮುಂದಿನ ಬಾಗಿಲಿಗೆ ಬಟ್ಟೆ ಸುತ್ತಿ, ಅರಗು ಕಾಯಿಸಿ ಮೊಹರು ಒತ್ತಿದರು. ಮಕ್ಕಳು ಬೀದಿಯ ಬದಿಯಲ್ಲಿ ಸಾಲಾಗಿ ನಿಂತು ಅದೇನೋ ಆಟ ಅನ್ನುವ ಹಾಗೆ ನೋಡಿದವು. ಪಿಳಿಪಿಳಿ ಚಪ್ಪಾಳೆ ತಟ್ಟಿತು.

ಸಾಹುಕಾರ ತನ್ನ ಬಾಗಿಲಲ್ಲಿ ನಿಂತಿದ್ದ. ನಿಮ್ಮಣ್ಣನೂ ಅಂದು ರಜೆ ಹಾಕಿ ಮನೆಯಲ್ಲೇ ಇದ್ದರು. ಇನ್‌ಸ್ಪೆಕ್ಟರ್ ಸಹಿ ಕೇಳಿದ, ಒಂದು ಮಾತಿಲ್ಲದೆ ಹಾಕಿದರು. ಇಡೀ ಬೀದಿಯ ಮುಂದೆ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಇಂಥವರ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆ ಅಂತ ಮೊದಲ ಸಲ ಅನಿಸಿತು.

ಹಿಂದಿನ ಎರಡು ಕೋಣೆಯಲ್ಲಿ ನಾವು ಇದ್ದೇವೆ. ಮಕ್ಕಳು ಫ್ಯಾಕ್ಟರಿಯ ಕ್ಯಾಂಟೀನಿನ ಮೂಲೆಯಲ್ಲಿವೆ. ಒಲೆಯ ಹೊಗೆ, ತಟ್ಟೆಯ ಸದ್ದು, ಮಲಗುವುದಕ್ಕೆ ಸಿಮೆಂಟು ನೆಲ. ಅಮ್ಮಂದಿರು ನನ್ನ ಮುಖ ನೋಡುತ್ತಾರೆ. ನಾನೂ ದಿನಾ ಅಲ್ಲಿಗೇ ಹೋಗುತ್ತೇನೆ.

ಒಂದು ಮಾತು ಕೇಳಲೇಬೇಕು. ದೂರು ಸಾಹುಕಾರನೇ ಕೊಟ್ಟನೋ ಏನೋ, ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ನೀನೇನಾದರೂ ಅವನಿಗೆ ಬರೆದೆಯಾ?


ಮಾರ್ಚ್ 28

ಅತ್ತಿಗೆಯವರಿಗೆ,

ನಿಮ್ಮ ಎರಡೂ ಕಾಗದ ಒಟ್ಟಿಗೇ ಬಂದವು. ಮೊದಲನೆಯದನ್ನು ಓದಿ ನಾಚಿಕೆಯಾಯಿತು. ಎರಡನೆಯದರ ಕೊನೆಯ ಸಾಲು ಓದಿ ಆ ನಾಚಿಕೆ ಹೋಯಿತು.

ಮಕ್ಕಳನ್ನು ಬೀದಿಗೆ ಹಾಕಿಸು ಅಂತ ನಾನು ಬರೆಯುತ್ತೇನೆಯೇ? ನನ್ನ ಬಗ್ಗೆ ನಿಮಗೆ ಇಷ್ಟು ದಿನ ಇದ್ದ ಅಭಿಪ್ರಾಯ ಇದೇನಾ? ಕಚೇರಿಗೆ ಹೋಗಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದವರು ನೀವು. ನಕ್ಷೆಯಲ್ಲಿ ಎಲ್ಲೂ ಇಲ್ಲದ ಶಿಶುವಿಹಾರ ಎಲ್ಲಿದೆ ಅಂತ ನೀವೇ ಹೇಳಿಕೊಟ್ಟಿರಿ. ಬೇರೆ ಯಾರೂ ದೂರು ಕೊಡಬೇಕಾಗಿಯೇ ಇರಲಿಲ್ಲ.

ಥಿನ್ನರ್ ಅಂತ ಗೊತ್ತಾದ ಮೇಲೆ ಸುಮ್ಮನಿರುವವಳಲ್ಲ ನಾನು. ಖಾಲಿ ಮಾಡಿಸು ಅಂತ ಇವತ್ತೇ ಅಣ್ಣನಿಗೆ ಬರೆಯುತ್ತಿದ್ದೇನೆ. ಅವನೂ ಒಂದು ಕಾರ್ಡು ಹಾಕಿದ್ದಾನೆ. "ಮಕ್ಕಳು ಈಗ ಅಲ್ಲಿಲ್ಲ. ಎಲ್ಲ ಸರಿಯಾಗುತ್ತೆ" ಅಂತ ಎರಡೇ ಸಾಲು. ಎಲ್ಲಿ ಸರಿಯಾಗಿದೆಯೋ ನನಗೆ ಕಾಣುತ್ತಿಲ್ಲ.

ಇಂತಿ,
ನಾದಿನಿ


ಏಪ್ರಿಲ್ 19

ನಿನಗೆ,

ಮೊನ್ನೆ ಗೋದಾಮಿಗೆ ಬೆಂಕಿ ಬಿತ್ತು. ನಿನ್ನ ಮನೆ ಉಳಿಯಲಿಲ್ಲ. ನಮ್ಮ ಮುಂದಿನ ಕೋಣೆಯೂ ಹೋಯಿತು.

ಮಕ್ಕಳು ಯಾರೂ ಅಲ್ಲಿರಲಿಲ್ಲ. ಎಲ್ಲ ಚೆನ್ನಾಗಿವೆ. ನಾನು ಚೆನ್ನಾಗಿದ್ದೇನೆ. ನಿಮ್ಮಣ್ಣ ಚೆನ್ನಾಗಿದ್ದಾರೆ. ಈಗ ಹೆಚ್ಚು ಬರೆಯಲಾರೆ. ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ.

ಅತ್ತಿಗೆ


ಮೇ 3

ಅತ್ತಿಗೆ,

ನಿನ್ನ ಕಾಗದ ಬೆಳಗ್ಗೆ ಬಂತು. ನಿಮ್ಮ ಬೀದಿಯ ಅಂಗಡಿಯವನ ಫೋನಿಗೆ ಎಷ್ಟು ಸಲ ಪ್ರಯತ್ನಿಸಿದರೂ ಸತ್ತುಬಿದ್ದಿದೆ.

ನೀನು ಬರೆದರೆ ಊರಿನ ನಾಯಿ ಬೆಕ್ಕಿನ ಸಮಾಚಾರವೂ ಇರುತ್ತದೆ. ಈ ಕಾಗದದಲ್ಲಿ ಇರುವುದು ಬರೀ ಚೆನ್ನಾಗಿದ್ದೇವೆ. ಮನೆ ಹೋಯಿತು ಅಂತ ಬರೆದು ಹೇಗೆ ಹೋಯಿತು ಅಂತ ಬರೆಯದವಳು ನನ್ನ ಅತ್ತಿಗೆಯಲ್ಲ. ಅಣ್ಣನ ಕೈಬರಹದಲ್ಲಿ ಒಂದು ಅಕ್ಷರವಿಲ್ಲ. ಅವನ ಕೈಗೆ ಏನಾಗಿದೆ?

ಕೇಳು. ನಾನು ಮಕ್ಕಳ ವಾರ್ಡಿನಲ್ಲಿಲ್ಲ. ಬಂದಾಗಿನಿಂದ ಸುಟ್ಟಗಾಯದ ವಾರ್ಡಿನಲ್ಲೇ ಇದ್ದೇನೆ. ನೀವು ಊಟ ಬಿಟ್ಟು ಯೋಚನೆ ಮಾಡುತ್ತೀರಿ ಅಂತ ಸುಳ್ಳು ಬರೆದೆ. ನನ್ನಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ದಿನಾ ನೋಡುವುದು ಅದನ್ನೇ.

ಕೈ ಸುಟ್ಟಿದ್ದರೆ ದಿಂಬಿನ ಮೇಲೆ ಎತ್ತರಿಸಿ ಇಡಿ. ಒಂದೊಂದು ಬೆರಳಿನ ನಡುವೆಯೂ ಬಟ್ಟೆ ಇಟ್ಟು ಬೇರೆ ಬೇರೆ ಕಟ್ಟಲು ಹೇಳು, ಇಲ್ಲದಿದ್ದರೆ ಬೆರಳು ಬೆರಳಿಗೆ ಕೂಡಿಕೊಳ್ಳುತ್ತದೆ. ನೆರೆಹೊರೆಯವರು ಹೇಳಿದ ಎಣ್ಣೆ, ಮುಲಾಮು ಒಂದನ್ನೂ ಹಚ್ಚಬೇಡ. ಮೊಟ್ಟೆ, ಹಾಲು ಬೇಡ ಅಂದರೂ ಕೊಡು. ಡಾಕ್ಟರು ಹೂಂ ಅಂದ ದಿನದಿಂದ ಬೆರಳು ಮಡಿಸಿ ಬಿಡಿಸು. ಕಿರುಚುತ್ತಾನೆ. ಕಿರುಚಲಿ. ನೀನು ಕರಗಿದರೆ ಅವನು ಮತ್ತೆ ಕತ್ತರಿ ಹಿಡಿಯಲಾರ.

ಮನೆ ಸುಟ್ಟದ್ದು ಹಾಳಾಗಲಿ. ನಿಜ ಬರೆ.

ನಿನ್ನ ಮೆಣಸಿನಕಾಯಿ


ಮೇ 20

ನನ್ನ ಮೆಣಸಿನಕಾಯಿ,

ನೀನು ಕಂಡುಹಿಡಿಯುತ್ತೀಯ ಅಂತ ಗೊತ್ತಿತ್ತು. ಆದರೂ ಆ ದಿನ ಅದಕ್ಕಿಂತ ಹೆಚ್ಚು ಬರೆಯುವ ಶಕ್ತಿ ಇರಲಿಲ್ಲ. ಎರಡೂ ಕೈ, ಮೊಣಕೈವರೆಗೆ. ಕತ್ತಿನ ಒಂದು ಪಕ್ಕ. ಪ್ರಾಣಕ್ಕೆ ಭಯವಿಲ್ಲ ಅಂತ ಈಗ ಹೇಳಿದ್ದಾರೆ. ನಿನ್ನ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. "ನಿಮ್ಮ ನಾದಿನಿ ಅಲ್ಲಿ ಯಾಕಿದ್ದಾಳೆ, ಇಲ್ಲಿಗೆ ಬರಹೇಳಿ" ಅಂದರು.

ಖಾಲಿ ಮಾಡಿಸು ಅಂತ ನೀನು ನಿಮ್ಮಣ್ಣನಿಗೆ ಬರೆದ ಕಾಗದ ಬೆಂಕಿ ಬಿದ್ದ ಮರುದಿನ ಬಂತು. ಈಗ ನಡೆದದ್ದನ್ನು ಕೇಳು. ಅಂಗಡಿಯ ಫೋನು ಇದ್ದಿದ್ದರೂ ಅಲ್ಲಿ ನಿಂತು ಇದನ್ನು ಕೂಗಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಶುಕ್ರವಾರ. ನಾನು ಕ್ಯಾಂಟೀನಿನಲ್ಲಿ ಮಕ್ಕಳನ್ನು ಮಲಗಿಸುತ್ತಿದ್ದೆ. ಸೀಲು ತೆಗೆಯಿರಿ ಅಂತ ನಾನು ಅರ್ಜಿ ಕೊಟ್ಟಿದ್ದೆ. ಹಿಂದಿನ ದಿನವಷ್ಟೇ ನಕ್ಷೆಯ ಸಾಹೇಬರು, "ನಿಮ್ಮ ಅರ್ಜಿ ಮೇಲಿನವರು ಒಪ್ಪಿದ್ದಾರೆ. ಸೋಮವಾರ ಸೀಲು ತೆಗೆಸ್ತೀನಿ" ಅಂದಿದ್ದರು. ಖುಷಿಯಲ್ಲಿ ಹೊಸ ಚಾಪೆ ತಂದಿಟ್ಟಿದ್ದೆ. ನಿಮ್ಮಣ್ಣ ಎಂದಿನ ಹಾಗೆ ಊಟಕ್ಕೆ ಮನೆಗೆ ಹೋಗಿದ್ದರು. ಆಕಾಶದಲ್ಲಿ ಏನೋ ಒಡೆದ ಹಾಗೆ ಸದ್ದಾಯಿತು. ಕ್ಯಾಂಟೀನಿನ ತಗಡು ಅದುರಿತು. ಹೊರಗೆ ಬಂದರೆ ನಮ್ಮ ಬೀದಿಯ ಕಡೆ ಕಪ್ಪು ಹೊಗೆ, ಒಂದು ಮಹಡಿ ಮನೆಯಷ್ಟು ದಪ್ಪ.

ಓಡಿದೆ. ಬೀದಿಯ ನಡುವೆ ನಮ್ಮ ಮುಂಬಾಗಿಲು ಅಂಗಾತ ಬಿದ್ದಿತ್ತು, ಚೌಕಟ್ಟಿನ ಸಮೇತ. ಅದರ ಮೇಲಿನ ಬಟ್ಟೆ, ಅರಗು, ಮೊಹರು ಏನೂ ಕೆಟ್ಟಿರಲಿಲ್ಲ. ಒಳಗಿನ ಕೋಣೆ ಇಲ್ಲ, ಬಾಗಿಲಿನ ಸೀಲು ಇದೆ. ನಾನು ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತೆನೋ ತಿಳಿಯದು. ಆ ತಂಪು ಗೋಡೆ ಪೂರಾ ನಮ್ಮ ಕಡೆಗೆ ಮಲಗಿತ್ತು. ಎಲ್ಲಿ ನಾನು ಚಾಪೆ ಹಾಸುತ್ತಿದ್ದೆನೋ ಅಲ್ಲೇ, ಆ ಸಾಲಿನ ಮೇಲೇ. ಆ ಹೊತ್ತಿಗೆ ಅವು ಮಲಗಿರುತ್ತಿದ್ದವು. ಒಂದೂ ಏಳುತ್ತಿರಲಿಲ್ಲ.

ನಿಮ್ಮಣ್ಣ ಪ್ಲೈವುಡ್ ಅಂಗಡಿಯ ಮುಂದೆ ಕೂತಿದ್ದರು. ಕೈ ಎರಡನ್ನೂ ಮುಂದೆ ಚಾಚಿಕೊಂಡು, ಯಾರೋ ಏನೋ ಕೊಡುತ್ತಾರೆ ಅನ್ನುವ ಹಾಗೆ. ಪಕ್ಕದಲ್ಲಿ ಕೀಲಿ ತಾತ. ಜನ ಹೇಳಿದರು: ಮೊದಲು ಬರೀ ಹೊಗೆ ಇತ್ತಂತೆ. ಎಲ್ಲರೂ ದೂರ ಓಡಿದರಂತೆ. ಸಾಹುಕಾರ ಎಲ್ಲರಿಗಿಂತ ಮುಂದೆ. ಇವರೊಬ್ಬರೇ, "ಮುದುಕ ಒಳಗೆ ಮಲಗಿದ್ದಾನೆ" ಅಂತ ಕೂಗಿ ಒಳಗೆ ನುಗ್ಗಿದರಂತೆ. ಅಷ್ಟರಲ್ಲಿ ಒಳಗೆ ಬೆಂಕಿ ಹತ್ತಿ ಹಿಂದಿನ ಕೋಣೆಯ ಬಾಗಿಲ ಚಿಲಕ ಕಾದು ಕೆಂಪಾಗಿತ್ತು, ಅದನ್ನೇ ಹಿಡಿದು ಎಳೆದರಂತೆ. ಅವನನ್ನು ಹೊತ್ತು ಹೊರಗೆ ಬಂದ ಮೇಲೆ ಡ್ರಮ್ಮುಗಳು ಸಿಡಿದವು.

ಕೀಲಿ ತಾತ ಮೂರನೆಯ ದಿನ ಹೋದ. ಅವನ ಹೆಸರು ಏನು ಅಂತ ಆಸ್ಪತ್ರೆಯವರು ಕೇಳಿದರೆ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರ್ ಬಂದ. ಹೇಳಿದ ಮಾತಿನಂತೆ ಸೀಲು ತೆಗೆಯುವುದಕ್ಕೇ ಬಂದವನು. ಬಾಗಿಲು ಬೀದಿಯಲ್ಲಿ ಬಿದ್ದದ್ದು ನೋಡಿ, "ಇದನ್ನ ಯಾರು ಅಲ್ಲಾಡಿಸಿದ್ದು? ಸೀಲು ಇರೋವಾಗ ಬಾಗಿಲು ತೆಗೆಯೋ ಹಾಗಿಲ್ಲ" ಅಂದ. ಬಾಯಿಂದ ಬಂದ ಮೇಲೆ ಅವನಿಗೇ ಏನು ಅಂದೆ ಅಂತ ಹೊಳೆದಿರಬೇಕು. ಟೋಪಿ ತೆಗೆದು ಇಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟ.

ಇದೆಲ್ಲ ಹೇಳಿದ್ದು ಕೊನೆಯ ಮಾತಿಗೆ ಬರಲಿಕ್ಕೆ. ಅದನ್ನು ಹೇಗೆ ಬರೆಯಲಿ ಅಂತ ನಾಲ್ಕು ದಿನ ಯೋಚಿಸಿದೆ.

ಹೋದ ವಾರ ಪಿಳಿಪಿಳಿಯ ಅಮ್ಮ ಆಸ್ಪತ್ರೆಗೆ ಬಂದಳು. ನಿಮ್ಮಣ್ಣನ ಮಂಚದ ಹತ್ತಿರ ನಿಂತು ಅಳುತ್ತ ನಗುತ್ತ, "ಆ ದೂರು ಕೊಟ್ಟ ಪಾಪಿ ಯಾರೋ, ಅವನ ಹೊಟ್ಟೆ ತಣ್ಣಗಿರಲಿ ಅಕ್ಕ. ಅವನಿಲ್ಲದಿದ್ರೆ ನನ್ನ ಮಗು ಇರ್ತಿರಲಿಲ್ಲ" ಅಂದಳು. ನಾನೂ ಹೌದು ಅಂದೆ.

ಅವಳು ಹೋದ ಮೇಲೆ ನಿಮ್ಮಣ್ಣ ಸೂರು ನೋಡುತ್ತ, "ನಾನೇ" ಅಂದರು.

"ಏನು ನೀವೇ?"

"ದೂರು ಕೊಟ್ಟದ್ದು."

ನೋವಿನ ಔಷಧಿಯ ಅಮಲಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಪೂರ್ತಿ ಎಚ್ಚರವಿದ್ದರು.

"ಸಾಹುಕಾರನ ಹತ್ತಿರ ಎರಡು ಸಲ ಹೋಗಿದ್ದೆ. ಖಾಲಿ ಮಾಡು ಅಂದೆ. ಜಾಗ ನೇರಳೆ, ಏನು ಮಾಡ್ಕೋತೀಯೋ ಮಾಡ್ಕೋ ಅಂದ. ತಂಗಿ ಬೇಡ ಅಂತಾಳೆ. ನೀನು ಮುಚ್ಚಲ್ಲ ಅಂತೀಯ. ನನಗೆ ಮಧ್ಯಾಹ್ನ ಊಟಕ್ಕೆ ಬಂದಾಗ ಆ ಮಕ್ಕಳ ತಲೆ ಗೋಡೆಗೆ ತಾಗಿಕೊಂಡಿರೋದು ನೋಡೋಕಾಗ್ತಿರಲಿಲ್ಲ. ದೂರು ಬಂದ್ರೆ ಮಾತ್ರ ಬರ್ತೀವಿ ಅಂದ್ರು ಅಂತ ನೀನೇ ಹೇಳಿದೆಯಲ್ಲ. ಮರುದಿನ ಹೋಗಿ ಕೊಟ್ಟೆ."

ಒಂದೇ ಮನೆಯಲ್ಲಿ, ಒಂದೇ ತಟ್ಟೆಯಿಂದ ತಿನ್ನುತ್ತ ನನ್ನ ಬೆನ್ನ ಹಿಂದೆ ನನ್ನ ಬಾಗಿಲಿಗೆ ಮೊಹರು ಹಾಕಿಸಿದ ಮನುಷ್ಯ! ಸಿಟ್ಟು ನೆತ್ತಿಗೇರಿತು. ಅದೇ ಹೊತ್ತಿಗೆ ಆ ಸಾಲು ಚಾಪೆ ಕಣ್ಣ ಮುಂದೆ ಬಂತು. ಬಯ್ಯಲೂ ಆಗದೆ ಅಳಲೂ ಆಗದೆ ಮಂಚದ ಕಂಬಿ ಹಿಡಿದು ನಿಂತೆ.

"ನನಗೆ ಹೇಳಬಹುದಿತ್ತಲ್ಲ?" ಅಂದೆ ಕೊನೆಗೆ.

"ಹೇಳಿದ್ರೆ ಬಿಡ್ತಿದ್ದೆಯಾ?"

ಬಿಡುತ್ತಿರಲಿಲ್ಲ. ಅದು ನನಗೂ ಗೊತ್ತು.

ಆಮೇಲೆ ಅವರು ಗೋಡೆಯ ಕಡೆ ತಿರುಗಿದರು. "ಮಕ್ಕಳನ್ನ ಹೊರಗೆ ಹಾಕಿಸಿದ ಮೇಲೆ ನಿಶ್ಚಿಂತೆಯಾಗಿ ಮಲಗಿದೆ ಕಣೇ. ಆ ಮುದುಕ ಒಬ್ಬ ಒಳಗೇ ಇದ್ದಾನೆ ಅನ್ನೋದು ನನ್ನ ತಲೆಗೆ ಬರಲೇ ಇಲ್ಲ. ಹೊಗೆ ಕಂಡಾಗಲೇ ನೆನಪಾದದ್ದು."

ಅವರ ಕಣ್ಣೀರು ಒರೆಸಿಕೊಳ್ಳಲು ಅವರಿಗೆ ಕೈಯಿಲ್ಲ. ನಾನು ಒರೆಸಿದೆ. ಮಾತು ಮಾತ್ರ ಆಡಲಿಲ್ಲ. ಇವತ್ತಿನವರೆಗೂ ಆಡಿಲ್ಲ. ತುತ್ತು ಇಡುತ್ತೇನೆ, ಬೆರಳು ಬಿಡಿಸುತ್ತೇನೆ, ಮಾತಿಲ್ಲ. ಏನು ಆಡಬೇಕು ನೀನೇ ಹೇಳು.

ನಿನ್ನನ್ನು ಅನುಮಾನಿಸಿದೆ. ಅದು ನನ್ನನ್ನು ಚುಚ್ಚುತ್ತಿದೆ.

ನಿನ್ನ
ಅತ್ತಿಗೆ


ಜೂನ್ 8

ಅತ್ತಿಗೆ,

ನಿನ್ನ ಕಾಗದವನ್ನು ಡ್ಯೂಟಿಗೆ ಹೋಗುವ ಮುಂಚೆ ಓದಬಾರದಿತ್ತು. ಗಾಯ ಕಟ್ಟುತ್ತಿರುವಾಗ ಕೈ ನಿಂತುಹೋಯಿತು. ದೊಡ್ಡ ನರ್ಸು ಬಂದು ನನ್ನನ್ನು ಪಕ್ಕಕ್ಕೆ ಕೂರಿಸಿದರು.

ನಮ್ಮಣ್ಣ! ಚಿಕ್ಕಂದಿನಲ್ಲಿ ನನ್ನ ಪೆಟ್ಟುಗಳನ್ನು ತಾನು ತಿಂದು ಸುಮ್ಮನೆ ಬರುತ್ತಿದ್ದವನು. ಅವನಿಗೆ ಒಂದು ಮಾತೂ ಬರುವುದಿಲ್ಲ ಅಂತ ನಾವಿಬ್ಬರೂ ಸೇರಿ ನಗುತ್ತಿದ್ದೆವು. ಅವನು ಮಾತಾಡಲು ನಾವು ಜಾಗ ಬಿಟ್ಟಿದ್ದರೆ ತಾನೇ? ಒಂದು ಕಡೆ ನೀನು, ಒಂದು ಕಡೆ ನನ್ನ ಕಾಗದ. ಅನುಮಾನ ನಿನ್ನದು ಮಾತ್ರವಲ್ಲ, ಮೊದಲು ಶುರು ಮಾಡಿದವಳು ನಾನು.

ಏನು ಮಾತಾಡಬೇಕು ಅಂತ ಕೇಳಿದೆ. ನನಗೂ ಗೊತ್ತಿಲ್ಲ. ಆದರೆ ಒಂದು ಹೇಳಬಲ್ಲೆ. ಮೈ ಸುಟ್ಟುಕೊಂಡವರು ರಾತ್ರಿಗಿಂತ ಹಗಲಿನಲ್ಲಿ ಹೆಚ್ಚು ಹೆದರುತ್ತಾರೆ, ಯಾಕೆಂದರೆ ಹಗಲು ಎಲ್ಲರೂ ನೋಡುತ್ತಾರೆ. ಅವನ ಕೈ ನೋಡಿ ಮುಖ ತಿರುಗಿಸಬೇಡ. ಅಷ್ಟು ಮಾಡು. ಮಾತು ತಾನಾಗಿ ಬರಲಿ.

ರಜೆ ಕೇಳಿದ್ದೇನೆ, ಚಳಿಗಾಲಕ್ಕೆ ಮುಂಚೆ ಕೊಡುವುದಿಲ್ಲವಂತೆ. ಯಾರೋ ಒಂದು ಕಂಪನಿಯವರು ನನಗೆ ನೇರವಾಗಿ ಬರೆದಿದ್ದಾರೆ. ಸುಟ್ಟ ಜಾಗ ಬೇಕಂತೆ, ದೊಡ್ಡ ಅಂಗಡಿಗಳ ಕಟ್ಟಡ ಕಟ್ಟುತ್ತಾರಂತೆ. ಬೂದಿ ಇನ್ನೂ ತಣ್ಣಗಾಗಿಲ್ಲ, ಅಷ್ಟರಲ್ಲಿ ವಿಳಾಸ ಹುಡುಕಿ ತೆಗೆದಿದ್ದಾರೆ. ಕೊಡುವುದಿಲ್ಲ ಅಂತ ಬರೆದೆ.

ಆ ಸಾಹುಕಾರ ಎಲ್ಲಿ?

ನಿನ್ನ ಮೆಣಸಿನಕಾಯಿ


ಜುಲೈ 16

ಪ್ರೀತಿಯ ಮೆಣಸಿನಕಾಯಿ,

ನಕ್ಷೆಯ ಸಾಹೇಬರು ಕರೆಸಿದ್ದರು. ನಮ್ಮ ಬೀದಿಯ ಬಣ್ಣ ಮತ್ತೆ ಬದಲಾಗಿದೆ. ಹಳದಿ ಅಲ್ಲ, ನೀಲಿ. ಈಗ ಗೋದಾಮು ಬರುವಂತಿಲ್ಲ, ಅಂಗಡಿ ಬರಬಹುದು. "ಶಿಶುವಿಹಾರ?" ಅಂದೆ. "ವ್ಯಾಪಾರ ಅಂತ ಅರ್ಜಿ ಕೊಡಿ, ನಡೆಯುತ್ತೆ" ಅಂದರು. ಮಕ್ಕಳು ವ್ಯಾಪಾರವೇ ಸಾರ್ ಅಂದೆ. ಅವರು ಅರ್ಜಿಯ ಫಾರಂ ಮುಂದೆ ತಳ್ಳಿದರು. ಅರ್ಜಿ ಕೊಟ್ಟು ಬಂದೆ, ಬೇರೇನು ಮಾಡಲಿ. ಗೋಡೆ ಏಳುವ ತನಕ ಕ್ಯಾಂಟೀನೇ ಗತಿ. ಅಮ್ಮಂದಿರು ಸೇರಿ ಒಂದು ಮೂಲೆಗೆ ದಪ್ಪ ಪರದೆ ಹೊಲಿದು ಕಟ್ಟಿದ್ದಾರೆ. ಮಕ್ಕಳು ಈಗ ಮಲಗಿದರೆ ಹೊತ್ತಿಗೆ ಸರಿಯಾಗಿ ಎದ್ದು ಗಲಾಟೆ ಮಾಡುತ್ತವೆ.

ನಿಮ್ಮಣ್ಣ ಮನೆಗೆ ಬಂದಿದ್ದಾರೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕತ್ತರಿ ಇನ್ನು ಆಗದು ಅಂತ ಫ್ಯಾಕ್ಟರಿಯವರು ಬಟ್ಟೆ ಪರೀಕ್ಷಿಸುವ ಕೆಲಸ ಕೊಡುತ್ತಾರಂತೆ.

ನೀನು ಕೇಳಿದೆಯಲ್ಲ, ಸಾಹುಕಾರ ಎಲ್ಲಿ ಅಂತ. ಹೋದ ವಾರ ಪಿಳಿಪಿಳಿಯ ಅಮ್ಮ ಹೇಳಿದಳು. ಸೇತುವೆಯ ಆಚೆ ಇನ್ನೊಂದು ಬೀದಿಯಲ್ಲಿ ಮನೆ ಹಿಡಿದಿದ್ದಾನಂತೆ. ಅದೇ ಡ್ರಮ್ಮು. ಪೊಲೀಸರಿಗೆ ಹೇಳಿದೆವು. ನಮ್ಮ ಬೀದಿಯ ಕೇಸು ನಡೆಯುತ್ತಿದೆ, ಅಲ್ಲಿಯದು ಬೇರೆ ಅಂದರು. ಸಾಹೇಬರ ಗೋಡೆಯ ನಕ್ಷೆಯಲ್ಲಿ ನೋಡಿದೆ. ಆ ಬೀದಿಯೂ ನೇರಳೆ. ಅಲ್ಲಿಯವರು ಯಾರೂ ಆ ಕಚೇರಿಯ ಬಾಗಿಲು ನೋಡಿರುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನಾಗಿ ಆಡಿದ ಮೊದಲ ದೊಡ್ಡ ಮಾತು ಅದೇ.

"ಮತ್ತೆ ದೂರು ಕೊಡ್ತೀರಾ?" ಅಂತ ಕೇಳಿದೆ. ಚುಚ್ಚಬೇಕು ಅಂತಲೇ ಕೇಳಿದ್ದು.

"ಇಲ್ಲ. ನಾಳೆ ಹೋಗೋಣ, ನಡಿ" ಅಂದರು.

ಹೋದೆವು. ಥೇಟ್ ನಮ್ಮದೇ ಬೀದಿ. ಗೋದಾಮಿನ ಪಕ್ಕದ ಮನೆಯ ಹೊರಗೆ ಮಕ್ಕಳ ಬಟ್ಟೆ ಒಣಗಲು ಹಾಕಿತ್ತು. ಸಾಹುಕಾರನ ಆಳು ಒಬ್ಬ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ನಿಮ್ಮಣ್ಣ ಬಾಗಿಲು ತಟ್ಟಲು ಹೋದರು, ಬೆರಳು ಒಪ್ಪಲಿಲ್ಲ. ಮೊಣಕೈಯಿಂದ ತಟ್ಟಿದರು.

ಸೊಂಟದಲ್ಲಿ ಮಗು ಎತ್ತಿಕೊಂಡು ಒಬ್ಬಳು ಬಂದಳು. ಇವರ ಕತ್ತು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರಬೇಡಿ ತಾಯಿ" ಅಂದರು ನಿಮ್ಮಣ್ಣ. ಬೀದಿಗೆಲ್ಲ ಕೇಳುವ ಹಾಗೆ, ನಾನು ಅವರ ಬಾಯಲ್ಲಿ ಎಂದೂ ಕೇಳದ ದೊಡ್ಡ ದನಿಯಲ್ಲಿ. "ನಿಮ್ಮ ಪಕ್ಕದ ಮನೆಯೊಳಗೆ ಏನಿದೆ ಅಂತ ಹೇಳೋಕೆ ಬಂದಿದ್ದೀನಿ. ನಿಮ್ಮ ಯಜಮಾನರನ್ನೂ ಕರೀರಿ. ಆ ಕಡೆ ಮನೆಯವರನ್ನೂ ಕರೀರಿ."

ಅಂಗಿಯ ತೋಳನ್ನು ಹಲ್ಲಿನಿಂದ ಕಚ್ಚಿ ಮೇಲಕ್ಕೆ ಎಳೆದು ಎರಡೂ ಕೈ ಮುಂದೆ ಹಿಡಿದರು. ಒಂದೊಂದೇ ಬಾಗಿಲು ತೆರೆಯುತ್ತಿತ್ತು. ನಾನು ಅವರ ಪಕ್ಕದಲ್ಲಿ ಹೋಗಿ ನಿಂತೆ.

ನಿನ್ನ
ಅತ್ತಿಗೆ